ಎಡೆದೊರೆಯ ಉಸುಕಿನ ದಂಡೆಗಳು

ಮೆಡಿಟರೇನಿಯನ್ ಎಂಬ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ 'ನೆಲಗಳ ನಡುವಿನದು' ಎಂದು ಅರ್ಥ. ಯುರೋಪು, ಆಫ್ರಿಕ, ಏಷ್ಯಾ ಮೂರೂ ಸುತ್ತುವರಿದ ಆ ಕಡಲನ್ನು ನಮ್ಮ ಹಳೆಯ ಭೂಗೋಳದ ಪುಸ್ತಕಗಳು ಭೂಮಧ್ಯ ಸಮುದ್ರ ಎಂದೇ ಕರೆದವು. ಇನ್ನು ರಾಯಚೂರು ಸೀಮೆಯ ಹೆಸರನ್ನು ನೋಡಿ. ಶಾಸನಗಳಲ್ಲಿ ಇದು ಎಡೆದೊರೆ ನಾಡು. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ಹೊಳೆಗಳ ನಡುವಿನ ನಾಡು ಎಂದಾಯಿತು. ತಂಜಾವೂರಿನ ರಾಜೇಂದ್ರ ಚೋಳನು 11ನೆಯ ಶತಮಾನದಲ್ಲಿ ತಾನು ಗೆದ್ದ ನಾಡುಗಳನ್ನು ಪಟ್ಟಿಮಾಡಿಸುವಾಗ ಈ ಹೆಸರನ್ನೇ ತಮಿಳಿನ ಉಚ್ಚಾರಣೆಯಲ್ಲಿ ಬರೆಸಿದ್ದಾನೆ. ಮುಂದೆ ಫಾರ್ಸಿ ಬಲ್ಲವರು ಬಂದು ಅದೇ ಅರ್ಥಕ್ಕೆ 'ದೋಆಬ್', ಅಂದರೆ ಎರಡು ನೀರು, ಎಂದರು. ಅಲ್ಲಿ ನೆಲಗಳ ನಡುವೆ ನೀರು. ಇಲ್ಲಿ ನೀರುಗಳ ನಡುವೆ ನೆಲ.

ಗ್ರೀಸಿನ ದ್ವೀಪಗಳು, ಇಟಲಿಯ ಸಾರ್ಡೀನಿಯ, ಸ್ಪೇನಿನ ಪೂರ್ವ ತೀರ ಇವುಗಳ ನಿರ್ಜನ ಮರಳುದಂಡೆಗಳನ್ನು ಟಿ.ವಿ. ಪರದೆಯ ಮೇಲೆ ನೀವು ಎಷ್ಟೋ ಸಲ ಕಂಡಿರುತ್ತೀರಿ. ಅವನ್ನು ನಿಮಗೆ ತೋರಿಸುವುದೂ ನಮ್ಮಂಥವರ ಕೆಲಸವೇ. ಆದರೆ ರಾಯಚೂರಿನ, ದೇವದುರ್ಗದ, ಮಾನ್ವಿಯ ವಿದ್ಯಾರ್ಥಿಗೆ ಕಡಲು ಎತ್ತ ಹೊರಟರೂ ನೂರಾರು ಕಿಲೋಮೀಟರು ದೂರ. ದಂಡೆ ಮಾತ್ರ ಹತ್ತಿರದಲ್ಲಿದೆ. ರಾಯಚೂರು ನಗರದಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ಹೋದರೆ ಕೃಷ್ಣೆ, ದಕ್ಷಿಣಕ್ಕೆ ಹೋದರೆ ತುಂಗಭದ್ರೆ. ದೇವದುರ್ಗ ತಾಲೂಕಿನ ಉತ್ತರದ ಅಂಚು ಪೂರ್ತಿ ಕೃಷ್ಣೆಯದು. ಮಾನ್ವಿ ತಾಲೂಕಿನ ದಕ್ಷಿಣದ ಅಂಚು ತುಂಗಭದ್ರೆಯದು. ಬೇಸಿಗೆಯಲ್ಲಿ ನೀರು ಸರಿದಾಗ ಈ ಅಂಚುಗಳಲ್ಲಿ ಉಸುಕು ಹರಡಿಕೊಂಡು ಮಲಗಿರುತ್ತದೆ. ಪುಸ್ತಕದಲ್ಲಿ ಮರಳು ಎನ್ನುತ್ತೇವೆ, ಈ ಕಡೆಯ ಮಾತಿನಲ್ಲಿ ಅದು ಉಸುಕು. ಈ ಲೇಖನದಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ.

ಇತಿಹಾಸದ ಲೇಖನದಲ್ಲಿ ಉಸುಕಿಗೇನು ಕೆಲಸ ಎಂದು ನೀವು ಕೇಳಬಹುದು. ನಾನು ಓದಿದ್ದು ವಿಜ್ಞಾನ. ಆದ್ದರಿಂದ ಮೊದಲು ಉಸುಕಿನ ಜಾತಕ ನೋಡೋಣ. ಅಂಗೈಯಲ್ಲಿ ಒಂದು ಹಿಡಿ ತೆಗೆದುಕೊಂಡು ಭೂತಗನ್ನಡಿಯಲ್ಲಿ ದಿಟ್ಟಿಸಿ. ಗಾಜಿನ ಚೂರಿನಂತೆ ಹೊಳೆಯುವುದು ಬೆಣಚುಕಲ್ಲು, ಅಂದರೆ ಕ್ವಾರ್ಟ್ಸ್. ಮಂಕಾದ ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್. ಎರಡೂ ಗ್ರಾನೈಟ್ ಮತ್ತು ನೈಸ್ ಎಂಬ ಶಿಲೆಗಳಿಂದ ಬಿಡಿಸಿಕೊಂಡು ಬಂದ ಹರಳುಗಳು. ರಾಯಚೂರಿನ ಕೋಟೆ ನಿಂತಿರುವ ಬೆಟ್ಟವೂ ಇಂಥ ಶಿಲೆಯದೇ; ಈ ಭಾಗದ ಗ್ರಾನೈಟುಗಳಿಗೆ ಸುಮಾರು 250 ಕೋಟಿ ವರ್ಷದ ವಯಸ್ಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ಕಡೆ ಇರುವುದು ಬಸಾಲ್ಟ್ ಎಂಬ ಕರಿಕಲ್ಲು. ಅದು ಸವೆದರೆ ಎರೆಮಣ್ಣು ಹೆಚ್ಚು, ಬೆಣಚಿನ ಉಸುಕು ಇಲ್ಲವೆನ್ನುವಷ್ಟು ಕಡಿಮೆ. ಕರಿಕಲ್ಲಿನ ಸೀಮೆ ದಾಟಿ ಹಳೆಯ ಗ್ರಾನೈಟಿನ ನೆಲಕ್ಕೆ ಇಳಿದ ಮೇಲೆಯೇ ಹೊಳೆಗೆ ಬೆಳ್ಳಗಿನ ಉಸುಕು ದಂಡಿಯಾಗಿ ಸಿಗುವುದು. ಎರಡು ಮಿಲಿಮೀಟರಿಗಿಂತ ಸಣ್ಣದಾದ ಈ ಹರಳುಗಳನ್ನು ಮಹಾಪೂರ ಎತ್ತಿಕೊಂಡು ಬರುತ್ತದೆ, ವೇಗ ಕುಗ್ಗಿದಲ್ಲಿ ಇಳಿಸಿ ಹೋಗುತ್ತದೆ. ಹೊಳೆ ತಿರುಗುವಲ್ಲಿ ಒಳಬದಿಗೆ ದಂಡೆ ಬೆಳೆಯುವುದು ಹೀಗೆ.

ಉಸುಕು ಸೇರಿದಲ್ಲಿ ಹೊಳೆ ಅಗಲವಾಗುತ್ತದೆ, ಅಗಲವಾದಲ್ಲಿ ಆಳ ಕಡಿಮೆಯಾಗುತ್ತದೆ, ಆಳ ಕಡಿಮೆಯಾದಲ್ಲಿ ಮನುಷ್ಯ ಕಾಲಿಡುತ್ತಾನೆ. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ಹಾಯುವ ಜಾಗವೇ ನಾಡಿನ ಬಾಗಿಲು. ವಿಜಯನಗರ ತುಂಗಭದ್ರೆಯ ದಕ್ಷಿಣಕ್ಕೆ, ಬಹಮನಿಗಳೂ ಅವರ ತರುವಾಯ ಬಿಜಾಪುರದವರೂ ಕೃಷ್ಣೆಯ ಉತ್ತರಕ್ಕೆ. ನಡುವಿನ ಎಡೆದೊರೆಗಾಗಿ ಇನ್ನೂರು ವರ್ಷ ಕಾದಾಟ ನಡೆಯಿತೆಂದು ನಿಮ್ಮ ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಕೋಟೆಗಳ ಹೆಸರು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಆ ಯುದ್ಧಗಳ ವೃತ್ತಾಂತಗಳನ್ನೇ ತೆರೆದು ಓದಿದರೆ, ಎಷ್ಟೋ ಸಲ ಗೆಲುವು ಸೋಲು ತೀರ್ಮಾನವಾದದ್ದು ಈ ದಂಡೆಗಳಲ್ಲಿ ಎಂಬುದು ಕಾಣುತ್ತದೆ.

1398ರ ಪ್ರಸಂಗವನ್ನು ನೋಡಿ. ಹೇಳುವವನು ಫೆರಿಷ್ತಾ; ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಇತಿಹಾಸ ಬರೆದವನು. ಬಹಮನಿ ಸುಲ್ತಾನ ಫಿರೋಜ್ ಶಾಹ ಸೈನ್ಯದೊಡನೆ ಕೃಷ್ಣೆಯ ಬಳಿಗೆ ಬಂದಾಗ ಹೊಳೆ ತುಂಬಿತ್ತು. ಎದುರು ದಂಡೆಯಲ್ಲಿ ವಿಜಯನಗರದ ದಂಡು. ದಾಟುವ ಉಪಾಯ ಯಾರಿಗೂ ಹೊಳೆಯದೆ ಇದ್ದಾಗ ಕಾಜಿ ಸಿರಾಜ್ ಎಂಬವನು ಕೆಲವರೊಡನೆ ವೇಷ ಮರೆಸಿಕೊಂಡು ಆಚೆ ದಂಡೆಗೆ ಹೋದ, ಕುಣಿತದವರ ಮೇಳ ಸೇರಿದ, ರಾಯನ ಮಗನ ಡೇರೆಯಲ್ಲಿ ಕಠಾರಿ ಹಿಡಿದು ಕುಣಿಯುತ್ತಲೇ ಅವನನ್ನು ಇರಿದ. ಬಿಡಾರದಲ್ಲಿ ಗದ್ದಲವೆದ್ದ ಆ ರಾತ್ರಿಯೇ ಸುಲ್ತಾನನ ಕಡೆಯವರು ತೊಗಲು ಹೊದಿಸಿದ ಬುಟ್ಟಿದೋಣಿಗಳಲ್ಲಿ ಹೊಳೆ ದಾಟಿದರು. ಕಥೆಗೆ ಫೆರಿಷ್ತಾ ಎಷ್ಟು ಬಣ್ಣ ಬಳಿದನೋ, ಬುಟ್ಟಿದೋಣಿ ಮಾತ್ರ ಬಣ್ಣವಲ್ಲ. ಅದು ಹರಿಗೋಲು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲಿ ಆನೆಗೊಂದಿಯ ಬಳಿ ಇದನ್ನು ಕಂಡು, ಒಳಗೆ ಬಿದಿರುಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು ಎಂದು ವಿವರವಾಗಿ ಬರೆದಿಟ್ಟಿದ್ದಾನೆ. ಇಂದಿನ ಹರಿಗೋಲಿಗೆ ತೊಗಲಿನ ಬದಲು ಡಾಂಬರು ಬಳಿದ ತಾಡಪಾಲು ಅಥವಾ ಫೈಬರ್ ಬಂದಿದೆ, ಆಕಾರ ಬದಲಾಗಿಲ್ಲ.

ಈ ದಂಡೆಗಳ ಅತಿ ದೊಡ್ಡ ದಿನ 1520ರ ಮೇ 19. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ. ಅದನ್ನು ಬಿಡಿಸಲು ಇಸ್ಮಾಯಿಲ್ ಆದಿಲಶಾಹ ಕೃಷ್ಣೆಯನ್ನು ದಾಟಿ ಬಂದ. ದಾಟಿದ್ದೇ ತಪ್ಪಾಯಿತು ಎಂಬ ವಿಷಯದಲ್ಲಿ ಎರಡೂ ಕಡೆಯ ಬರಹಗಾರರಿಗೆ ಒಮ್ಮತವಿದೆ, ಕಾರಣ ಮಾತ್ರ ಬೇರೆ ಬೇರೆ. ಸುಲ್ತಾನ ಮದ್ಯದ ಅಮಲಿನಲ್ಲಿದ್ದು, ಸಾಕಷ್ಟು ಹರಿಗೋಲು ಸಿದ್ಧವಾಗುವ ಮೊದಲೇ ಆನೆ ಏರಿ ಹೊಳೆಗಿಳಿದ ಎನ್ನುತ್ತಾನೆ ಫೆರಿಷ್ತಾ. ಸುಮಾರು ಹದಿನೈದು ವರ್ಷಗಳ ನಂತರ ವಿಜಯನಗರದಲ್ಲಿ ಕುಳಿತು ಬರೆದ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್ ಅಮಲಿನ ಮಾತೆತ್ತುವುದಿಲ್ಲ. ಅವನ ಪ್ರಕಾರ ಆದಿಲಶಾಹನಿಗೆ ತನ್ನ ಫಿರಂಗಿಗಳ ಮೇಲೆ ಭರವಸೆ ಹೆಚ್ಚು. ಮೊದಲ ಸುತ್ತಿನಲ್ಲಿ ಫಿರಂಗಿಗಳು ರಾಯನ ಮುಂಚೂಣಿಯನ್ನು ಚದುರಿಸಿಯೂಬಿಟ್ಟವು. ರಾಯನು ಎರಡನೆಯ ಸಾಲನ್ನು ಹುರಿದುಂಬಿಸಿ ಮುನ್ನುಗ್ಗಿಸಿದಾಗ ಎಲ್ಲ ತಿರುಗುಮುರುಗಾಯಿತು. ಬಿಜಾಪುರದ ದಂಡು ಹಿಮ್ಮೆಟ್ಟಿದ್ದು ಎಲ್ಲಿಗೆ? ಹಿಂದೆ ಇದ್ದದ್ದು ಹೊಳೆ. ಕತ್ತಿಗೆ ಸಿಕ್ಕವರಲ್ಲದೆ ನೀರಿನಲ್ಲಿ ಮುಳುಗಿ ಸತ್ತವರೂ ಅಪಾರ. ಆದಿಲಶಾಹ ಆನೆಯ ಮೇಲೆ ಪಾರಾದ.

ನೂನಿಜ್ ಕೊಡುವ ಸೈನ್ಯದ ಲೆಕ್ಕ ಏಳು ಲಕ್ಷ ದಾಟುತ್ತದೆ. ಅದನ್ನು ಹಾಗೆಯೇ ನಂಬಬೇಕಾಗಿಲ್ಲ. ಆದರೆ ಅವನ ಬರಹದಲ್ಲಿ ಒಂದು ಸಣ್ಣ ಸಂಗತಿ ಇದೆ, ನನಗೆ ಆ ಲಕ್ಷಗಳಿಗಿಂತ ಅದು ಮುಖ್ಯ. ದಂಡು ಒಂದು ಹೊಳೆ ದಾಟುವಾಗ ನೀರು ಮೊಣಕಾಲಿನ ಅರ್ಧಕ್ಕಿತ್ತಂತೆ. ಅರ್ಧ ಜನ ದಾಟುವಷ್ಟರಲ್ಲಿ ಹನಿ ನೀರೂ ಉಳಿಯಲಿಲ್ಲವಂತೆ. ಹಿಂದೆ ಬಂದವರು ಉಸುಕಿನಲ್ಲಿ ಗುಂಡಿ ತೋಡಿ ನೀರು ಹುಡುಕಿದರಂತೆ. ಓದಿದೊಡನೆ ನಿಮಗೆ ಗುರುತು ಹತ್ತಿರಬೇಕು. ಅದು ಒರತೆ, ಊರಿನ ಮಾತಿನಲ್ಲಿ ವರತಿ. ಹಳ್ಳ ಬತ್ತಿದಾಗ ನಿಮ್ಮ ಅಜ್ಜಿ ಕೈಯಿಂದ ಉಸುಕು ಸರಿಸಿ, ಚಿಪ್ಪಿನಲ್ಲಿ ಮೊಗೆದು, ಕೊಡ ತುಂಬುತ್ತಿದ್ದಳಲ್ಲ, ಅದೇ ವಿದ್ಯೆ. ಸಾಮ್ರಾಟನ ಸೈನಿಕ ಬಲ್ಲದ್ದೂ ಹಳ್ಳಿಯ ಹೆಂಗಸು ಬಲ್ಲದ್ದೂ ಒಂದೇ. ಒಂದು ಘನ ಮೀಟರು ಉಸುಕಿನ ಹರಳುಗಳ ನಡುವೆ ಸುಮಾರು 300ರಿಂದ 400 ಲೀಟರಿನಷ್ಟು ಖಾಲಿ ಜಾಗವಿರುತ್ತದೆ. ಅದರಲ್ಲಿ ನೀರು ಬಿಸಿಲಿಗೆ ಸಿಗದೆ ಅಡಗಿರುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ, 40 ಡಿಗ್ರಿ ಮೀರಿದ ಬಿಸಿಲಲ್ಲಿ, ಅಷ್ಟು ಜನ ಬದುಕಿ ಉಳಿಯಲು ಈ ಉಸುಕಿನ ಪಾಲು ಎಷ್ಟಿತ್ತೋ ಯೋಚಿಸಿ.

1565ರ ಜನವರಿಯಲ್ಲಿ ಮತ್ತೆ ಹೊಳೆ ಹಾಯುವ ಜಾಗದ್ದೇ ಕಥೆ. ದೇವದುರ್ಗದಿಂದ ಪಶ್ಚಿಮಕ್ಕೆ, ಹೊಳೆಯ ಮೇಲ್ಭಾಗದಲ್ಲಿ, ದಖ್ಖನಿನ ಸುಲ್ತಾನರ ಕೂಡುದಂಡು ದಾಟಬೇಕಾದ ಜಾಗವನ್ನು ರಾಮರಾಯನ ಕಡೆಯವರು ಮೊದಲೇ ಭದ್ರಪಡಿಸಿದ್ದರು. ಸುಲ್ತಾನರು ಬೇರೆ ಜಾಗ ಹುಡುಕುವವರಂತೆ ದಂಡೆಗುಂಟ ನಡೆದುಕೊಂಡು ಹೋದರು. ಎದುರು ದಂಡೆಯವರೂ ಕಾವಲು ಬಿಟ್ಟು ಅವರ ಜೊತೆಗೇ ಸಾಗಿದರು. ಒಂದು ರಾತ್ರಿ ಸುಲ್ತಾನರು ಸರಕ್ಕನೆ ಹಿಂತಿರುಗಿ ಬಂದು, ಬರಿದಾಗಿದ್ದ ಅದೇ ಜಾಗದಲ್ಲಿ ದಾಟಿದರು. ಮುಂದಿನದು ತಾಳಿಕೋಟೆ ಅಥವಾ ರಕ್ಕಸತಂಗಡಿ ಎಂದು ನೀವು ಓದಿದ ಕದನ. ಅದರ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಅಲ್ಲಿಂದ ಮುಂದೆ ಎಡೆದೊರೆ ಗಡಿನಾಡಾಗಿ ಉಳಿಯಲಿಲ್ಲ. ಬಿಜಾಪುರದ ಕೈಗೆ, 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮೊಗಲರಿಗೆ, ಆಮೇಲೆ ನಿಜಾಮರಿಗೆ ಹೋಯಿತು. ಕೃಷ್ಣೆಯ ಎರಡೂ ದಡ ಒಬ್ಬನೇ ಅರಸನದಾದಾಗ ಕಾವಲೇಕೆ? 1800ರಲ್ಲಿ ತುಂಗಭದ್ರೆಯ ಆಚೆಯ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ ಆ ಹೊಳೆ ಮಾತ್ರ ಗಡಿಯಾಗಿ ಉಳಿಯಿತು. ಇವತ್ತಿಗೂ ಅದರ ಆಚೆ ದಡದ ಒಂದಷ್ಟು ಭಾಗ ಆಂಧ್ರಪ್ರದೇಶ. ದಂಡೆಗಳನ್ನು ನಿಜವಾಗಿ ನಿಶ್ಶಬ್ದಗೊಳಿಸಿದ್ದು ಸೇತುವೆ. ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಒಂದು ಕೃಷ್ಣೆಯನ್ನು ದಾಟಿ ಬಂತು, ಇನ್ನೊಂದು ತುಂಗಭದ್ರೆಯನ್ನು. ಸೈನ್ಯಗಳು ತಿಂಗಳುಗಟ್ಟಲೆ ಕಾದು ಕುಳಿತಿದ್ದ ನೀರನ್ನು ಮೂರನೆಯ ದರ್ಜೆಯ ಪ್ರಯಾಣಿಕ ಕಿಟಕಿಯಿಂದ ನೋಡುತ್ತ ಕೆಲವೇ ನಿಮಿಷಗಳಲ್ಲಿ ದಾಟಿದ. ದೇವಸೂಗೂರಿನ ಬಳಿ ನಿಜಾಮರ ಸರ್ಕಾರ ಕಟ್ಟಿಸಿದ ಕಲ್ಲುಕಮಾನಿನ ರಸ್ತೆ ಸೇತುವೆ ಬಂದದ್ದು 1940ರ ದಶಕದಲ್ಲಿ. ಹೀಗೆ ಒಂದೊಂದು ಸೇತುವೆ ಎದ್ದಂತೆ ಹಾಯುವ ಜಾಗಗಳು ಜನರ ಬಾಯಿಂದ ಮರೆಯಾದವು, ದಂಡೆಗಳು ಒಂಟಿಯಾದವು. ನೀವಿಂದು ಕಾಣುವ ಶಾಂತಿ ಅಲ್ಲಿ ಮೊದಲಿನಿಂದ ಇದ್ದದ್ದಲ್ಲ.

ಹೊಳೆ ಹಾಯುವ ತಿಳಿವಳಿಕೆ ಪೂರ್ತಿ ಹೋಯಿತೆಂದೂ ಹೇಳಲಾಗದು. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದು ದೇವದುರ್ಗ ತಾಲೂಕಿನಲ್ಲಿ ಒಂದು ಸೇತುವೆ ಮುಳುಗಿತ್ತು. ದಾರಿ ಕಾಣದೆ ನಿಂತ ಆಂಬುಲೆನ್ಸಿನ ಮುಂದೆ ಒಬ್ಬ ಶಾಲಾ ಬಾಲಕ ನೀರಿನಲ್ಲಿ ಓಡುತ್ತ, ಬೀಳುತ್ತ, ಏಳುತ್ತ ದಾರಿ ತೋರಿದ ದೃಶ್ಯ ಟಿ.ವಿ.ಯಲ್ಲಿ ಬಂತು, ಅವನಿಗೆ ಶೌರ್ಯ ಪ್ರಶಸ್ತಿಯೂ ಬಂತು. ನೀವು ಹಾಗೆ ಮಾಡಹೋಗಬೇಡಿ. ಆದರೆ ನೀರಿನ ಅಡಿಯಲ್ಲಿ ಗಟ್ಟಿ ನೆಲ ಎಲ್ಲಿದೆ ಎಂದು ಬಲ್ಲ ಊರಿನವನೊಬ್ಬ ಮುಂದೆ ನಡೆಯುವುದು, ಹಿಂದಿನವರು ಅವನನ್ನು ನಂಬಿ ಬರುವುದು, ಈ ದಂಡೆಗಳ ಅತಿ ಹಳೆಯ ಪದ್ಧತಿ.

ಎಲ್ಲಿಗೆ ಹೋಗಬೇಕು? ದೇವದುರ್ಗ ತಾಲೂಕಿನಲ್ಲಿ ನರಸಿಂಹನ ಗುಡಿ ಇರುವ ಕೊಪ್ಪರ. ಅದೇ ತಾಲೂಕಿನಲ್ಲಿ ಅಲ್ಲಮಪ್ರಭುವಿನ ಗುಡಿ ಇರುವ ಗೂಗಲ್. ಹೌದು, ಊರಿನ ಹೆಸರೇ ಗೂಗಲ್; ಕಂಪ್ಯೂಟರಿನವರು ಆ ಹೆಸರು ಇಟ್ಟುಕೊಳ್ಳುವ ಎಷ್ಟೋ ಕಾಲ ಮೊದಲಿನದು. ಈಗ ಅಲ್ಲಿ ಬ್ಯಾರೇಜು ಇರುವುದರಿಂದ ನಿಂತ ನೀರು ಹೆಚ್ಚು. ಅದರ ಕೆಳಗಿನ ಕಲ್ಲು, ಉಸುಕು, ಸಣ್ಣ ಸಣ್ಣ ಕಾಲುವೆಗಳ ಹರಹು ನೋಡಬೇಕಾದ್ದು. ರಾಯಚೂರು ತಾಲೂಕಿನಲ್ಲಿ ಕೃಷ್ಣೆಯ ನಡುವೆಯೇ ಕುರುಗಡ್ಡೆ, ನಾರದಗಡ್ಡೆಗಳಂಥ ನಡುಗಡ್ಡೆಗಳಿವೆ. ಮಹಾಪೂರದ ದಿನಗಳಲ್ಲಿ ಇವು ಹೊರಲೋಕದಿಂದ ಕಡಿದುಹೋಗುತ್ತವೆ. ಮಾನ್ವಿಯ ಕಡೆ ಚೀಕಲಪರ್ವಿಗೆ ಹೋಗಿ. ದಾಸಸಾಹಿತ್ಯದ ವಿಜಯದಾಸರು, 1755ರಲ್ಲಿ ತೀರಿಕೊಂಡವರು, ಈ ಊರಿನವರು. ಬೆಳಗಿನ ಹೊತ್ತು ತುಂಗಭದ್ರೆಯ ಬದಿಯಲ್ಲಿ ಕುಳಿತರೆ ತಂಬೂರಿ ಹಿಡಿದವರಿಗೆ ಈ ಜಾಗ ಏಕೆ ಹಿಡಿಸಿತೆಂದು ತಿಳಿಯುತ್ತದೆ. ನಮಗೆ ಮಾತ್ರ ಚಿತ್ರೀಕರಣಕ್ಕೆ ಇಂಥ ಜಾಗ ಕಷ್ಟ: ನಿಶ್ಶಬ್ದ ಹೆಚ್ಚಿದಷ್ಟೂ ಮೈಕಿನಲ್ಲಿ ಗಾಳಿಯ ಸದ್ದು ಹೆಚ್ಚು. ಮಾನ್ವಿ ತಾಲೂಕಿನದೇ ರಾಜೋಳಿಬಂಡೆಯಲ್ಲಿ 1950ರ ದಶಕದಲ್ಲಿ ಮುಗಿದ ಅಡ್ಡಗಟ್ಟೆ ಇದೆ. ಅಲ್ಲಿಂದ ಹೊರಟ ಕಾಲುವೆಯ ನೀರಿನ ಬಹುಪಾಲು ಇಂದಿನ ತೆಲಂಗಾಣದ ಗದ್ದೆಗಳಿಗೆ ಹೋಗುತ್ತದೆ.

ಎರಡು ಎಚ್ಚರಿಕೆಗಳು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಒಣಗಿದ ದಂಡೆ ನೋಡನೋಡುತ್ತ ಮುಳುಗುತ್ತದೆ. ಊರಿನವರನ್ನು ವಿಚಾರಿಸದೆ ಇಳಿಯಬೇಡಿ. ಇನ್ನೊಂದು, ಕೃಷ್ಣೆಯಲ್ಲಿ ಮೊಸಳೆಗಳಿವೆ. ಬೇಸಿಗೆಯ ಆರಂಭದಲ್ಲಿ ಹೆಣ್ಣು ಮೊಸಳೆ ದಂಡೆಯ ಉಸುಕಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಆ ಗುಂಡಿಯ ಶಾಖ. 32 ಡಿಗ್ರಿಯ ಆಸುಪಾಸಿನಲ್ಲಿ ಗಂಡು ಹೆಚ್ಚು, ಅದಕ್ಕಿಂತ ತಂಪಾದರೆ ಹೆಣ್ಣು. ದಂಡೆ ಹೋದರೆ ಮೊಸಳೆಗೆ ತೊಟ್ಟಿಲೇ ಇಲ್ಲ. ನೆಲದ ಮೇಲೆಯೇ ಮೊಟ್ಟೆಯಿಡುವ ಹೊಳೆ ರೀವದಂಥ ಹಕ್ಕಿಗಳಿಗೂ ಇಲ್ಲ.

ದಂಡೆ ಹೋಗುತ್ತಿದೆಯೇ? ಎರಡು ಕಡೆಯಿಂದ ಹೋಗುತ್ತಿದೆ. ಮೊದಲನೆಯದು ಬರುವ ದಾರಿ ಮುಚ್ಚಿದ್ದು. ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಿಂದ ನೀರು ನಿಂತಿತು. ಆಗ ಅದರ ಸಾಮರ್ಥ್ಯ ಸುಮಾರು 132 ಟಿ.ಎಂ.ಸಿ. ಅಡಿ, 2016ರ ಅಳತೆಯಲ್ಲಿ ಅದು 105ರ ಆಸುಪಾಸಿಗೆ ಇಳಿದಿತ್ತು. ಕಳೆದುಹೋದ ಜಾಗದಲ್ಲಿ ತುಂಬಿರುವುದು ಹೂಳು, ಅಂದರೆ ಮಣ್ಣು ಮತ್ತು ಉಸುಕು. ಕೃಷ್ಣೆಗೆ ನಾರಾಯಣಪುರದಲ್ಲಿ 1982ರಿಂದ ಕಟ್ಟೆ ಇದೆ. ಈ ಕಟ್ಟೆಗಳ ಕಾಲುವೆಗಳಿಂದಲೇ ಮಾನ್ವಿಯಲ್ಲಿ ಬತ್ತ ಬೆಳೆಯಿತು, ದೇವದುರ್ಗಕ್ಕೆ ನೀರು ಬಂತು. ಅದನ್ನು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಹೊಳೆ ಹೊತ್ತು ತರುತ್ತಿದ್ದ ಉಸುಕಿನ ದೊಡ್ಡ ಪಾಲು ಕಟ್ಟೆಯ ಹಿಂದೆಯೇ ಕುಳಿತಿತು. ಎರಡನೆಯದು, ಇದ್ದದ್ದನ್ನು ಹೊತ್ತೊಯ್ಯುವುದು. ಮರುಭೂಮಿಯ ಮರಳು ಗಾಳಿಗೆ ಉರುಳಿ ಗುಂಡಗಾಗಿರುತ್ತದೆ, ಸಿಮೆಂಟಿನೊಡನೆ ಚೆನ್ನಾಗಿ ಕಚ್ಚಿಕೊಳ್ಳದು. ಹೊಳೆಯ ಉಸುಕಿಗೆ ಮೂಲೆಗಳಿವೆ, ಕಾಂಕ್ರೀಟಿಗೆ ಅದು ಬೇಕು. ವಿಶ್ವಸಂಸ್ಥೆಯ ಪರಿಸರ ವಿಭಾಗ 2022ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತು ವರ್ಷಕ್ಕೆ 5,000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತದೆ. ದೇವದುರ್ಗದ ಕಡೆಯ ಹೊಳೆಯಂಚಿನ ಹಳ್ಳಿಗಳಲ್ಲಿ ಟಿಪ್ಪರುಗಳ ಸಾಲನ್ನು ನೀವೇ ಕಂಡಿದ್ದೀರಿ. ಸಣ್ಣ ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2012ರ ಫೆಬ್ರವರಿಯಲ್ಲಿ ಹೇಳಿತು. ಕೇಂದ್ರದ ಪರಿಸರ ಮಂತ್ರಾಲಯ 2016ರಲ್ಲೂ 2020ರಲ್ಲೂ ಮಾರ್ಗಸೂಚಿ ಹೊರಡಿಸಿತು. ಕಾಗದ ಸಾಕಷ್ಟಿದೆ.

ಈಗ ಭೂಮಧ್ಯ ಸಮುದ್ರಕ್ಕೆ ಹಿಂತಿರುಗಿ. ಈಜಿಪ್ಟಿನ ನೈಲ್ ನದಿ ವರ್ಷಕ್ಕೆ ಹತ್ತು ಕೋಟಿ ಟನ್ನಿಗೂ ಹೆಚ್ಚು ಹೂಳನ್ನು ಆ ಕಡಲಿಗೆ ಒಯ್ಯುತ್ತಿತ್ತು. 1970ರಲ್ಲಿ ಆಸ್ವಾನ್ ಅಣೆಕಟ್ಟು ಮುಗಿಯಿತು. ನದೀಮುಖದ ರೊಸೆಟ್ಟಾದಲ್ಲಿ, ಹಳೆಯ ಈಜಿಪ್ಟಿನ ಲಿಪಿಯನ್ನು ಬಿಡಿಸಲು ನೆರವಾದ ಪ್ರಸಿದ್ಧ ಶಿಲೆ 1799ರಲ್ಲಿ ಸಿಕ್ಕ ಆ ಪ್ರದೇಶದಲ್ಲಿ, ಕಡಲು ವರ್ಷಕ್ಕೆ ನೂರು ಮೀಟರಿನಷ್ಟು ದಡ ತಿನ್ನತೊಡಗಿತು; ಕಡೆಗೆ ಗೋಡೆ ಕಟ್ಟಬೇಕಾಯಿತು. ಇಟಲಿಯ ಸಾರ್ಡೀನಿಯದ ಪಕ್ಕದ ಬುಡೆಲ್ಲಿ ಎಂಬ ಪುಟ್ಟ ದ್ವೀಪದಲ್ಲಿ ಗುಲಾಬಿ ಬಣ್ಣದ ದಂಡೆಯಿದೆ. ತೀರ ಸಣ್ಣ ಜೀವಿಗಳ ಚಿಪ್ಪಿನ ಪುಡಿ ಬೆರೆತು ಆ ಬಣ್ಣ. ಬಂದವರೆಲ್ಲ ನೆನಪಿಗೆಂದು ಒಂದೊಂದು ಹಿಡಿ ಒಯ್ದರು. ಬಣ್ಣ ಮಾಸಿತು. 1990ರ ದಶಕದಿಂದ ಅದರ ಮೇಲೆ ಕಾಲಿಡುವುದು ನಿಷಿದ್ಧ, ದೂರದಿಂದ ನೋಡಬೇಕು. 2017ರಲ್ಲಿ ಸಾರ್ಡೀನಿಯದಲ್ಲಿ ಮರಳು ಒಯ್ದವರಿಗೆ 500ರಿಂದ 3,000 ಯೂರೋ ದಂಡದ ಕಾನೂನು ಬಂತು. 2019ರಲ್ಲಿ ಇಬ್ಬರು ಪ್ರವಾಸಿಗಳು ಪ್ಲಾಸ್ಟಿಕ್ ಬಾಟಲಿಗಳಲ್ಲಿ 40 ಕಿಲೋ ಮರಳು ತುಂಬಿಕೊಂಡು ಹೋಗುವಾಗ ಸಿಕ್ಕಿಬಿದ್ದರು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದು ಸುದ್ದಿಯಾಯಿತು. ಒಂದು ಟಿಪ್ಪರಿನಲ್ಲಿ ಇಂಥ ಎಷ್ಟು ನಲವತ್ತು ಕಿಲೋ ಹಿಡಿಯುತ್ತದೆ ಎಂಬ ಲೆಕ್ಕವನ್ನು ನಿಮಗೇ ಬಿಡುತ್ತೇನೆ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೋಗಲು ಒಳ್ಳೆಯ ಕಾಲ. ನಸುಕಿನಲ್ಲಿಯೇ ದಂಡೆ ತಲುಪಿ. ಉಸುಕಿನ ಮೇಲೆ ರಾತ್ರಿ ಓಡಾಡಿದ ಪ್ರಾಣಿಗಳ ಹೆಜ್ಜೆ ಗಾಳಿಗೆ ಅಳಿಸುವ ಮೊದಲು ಕಾಣಸಿಗುತ್ತದೆ. ಜೊತೆಗೆ ಭೂತಗನ್ನಡಿ, ಒಂದು ಅಳತೆಪಟ್ಟಿ, ಸಾಧ್ಯವಾದರೆ ಊರಿನ ಹಿರಿಯ ಅಂಬಿಗರೊಬ್ಬರು ಇರಲಿ. ಅವರು ಬಾಲ್ಯದಲ್ಲಿ ಹೊಳೆ ಹಾಯುತ್ತಿದ್ದ ಜಾಗ ಯಾವುದು, ಆಗ ಉಸುಕು ಎಲ್ಲಿಯವರೆಗೆ ಇತ್ತು ಎಂದು ಕೇಳಿ ಬರೆದುಕೊಳ್ಳಿ; ಇಸವಿ ನೆನಪಿಲ್ಲದಿದ್ದರೆ ಯಾವ ಮಹಾಪೂರದ ಮುಂಚೆ, ಯಾವ ಬರದ ತರುವಾಯ ಎಂದು ಕೇಳಿ. ಆಮೇಲೆ ನೀರಿನಿಂದ ಹತ್ತು ಹೆಜ್ಜೆ ಈಚೆಗೆ ಕುಳಿತು, ಎರಡೂ ಕೈಯಿಂದ ಒಂದು ವರತಿ ತೋಡಿ. ಎಷ್ಟು ಆಳದಲ್ಲಿ ನೀರು ಜಿನುಗಿತೆಂದು ಅಳೆಯಿರಿ. ಮೊದಲು ಬರುವ ನೀರು ಕದಡಿರುತ್ತದೆ, ಅದನ್ನು ಮೊಗೆದು ಚೆಲ್ಲಿ. ಎರಡನೆಯದು ತಿಳಿಯಾಗಿರುತ್ತದೆ.